ಎರಡನೇ ಕಾರಿನ ಲೆಕ್ಕ

ಕಾರಿನ ಹುಚ್ಚು ಹಿಡಿದವರ ನಡುವೆ ಒಂದು ನಂಬಿಕೆ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ಅದನ್ನು ಯಾರೂ ವಾದವೆಂದು ಮಂಡಿಸುವುದೂ ಇಲ್ಲ, ಪ್ರಶ್ನಿಸುವುದೂ ಇಲ್ಲ. ಮನೆಯಲ್ಲಿ ಒಂದು ಕಾಂಟೆಸ್ಸಾ ಇರುತ್ತದೆ. ಅಥವಾ ಹಳೆಯ ಜಿಪ್ಸಿ, ಪ್ರೀಮಿಯರ್ ಪದ್ಮಿನಿ, ಆಕ್ಟೇವಿಯಾ ಆರ್‌ಎಸ್, ಫಿಯೆಸ್ಟಾ 1.6 ಎಸ್, ಇಂಥದ್ದೊಂದು. ಅದು ಭಾನುವಾರ ಬೆಳಕು ಹರಿಯುವ ಮುಂಚೆ ಹೊರಡುವ ಗಾಡಿ. ವಾರದ ಉಳಿದ ದಿನಗಳಲ್ಲಿ ಆಫೀಸಿಗೆ, ಶಾಲೆಗೆ, ಆಸ್ಪತ್ರೆಗೆ, ತರಕಾರಿಗೆ ಇನ್ನೊಂದು ಬೇಕು. ಆ ಇನ್ನೊಂದರ ಮಾತು ಬಂದಾಗ, ಮೊದಲನೆಯದರ ಕಾರ್ಬ್ಯುರೇಟರ್ ಜೆಟ್ಟಿನ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ಮನುಷ್ಯ ಎರಡೇ ಪದದಲ್ಲಿ ಮುಗಿಸಿಬಿಡುತ್ತಾನೆ: ಓಡಿದರೆ ಸಾಕು. ಈ ಎರಡು ಪದಗಳ ಹಿಂದೆ ಒಂದು ಪೂರ್ತಿ ತರ್ಕವಿದೆ. ಅದು ಮೂರ್ಖರ ತರ್ಕವಲ್ಲವಾದ್ದರಿಂದ ಮೊದಲು ಅದನ್ನು ಅದರ ಗಟ್ಟಿ ರೂಪದಲ್ಲಿಯೇ ಹೇಳಬೇಕು.

1. ದಿನಬಳಕೆಯ ಕಾರು ಸವೆಯುವುದಕ್ಕೇ ಇರುವ ವಸ್ತು. ಆಟೋದವನು ಬಂಪರಿಗೆ ತಾಗಿಸುತ್ತಾನೆ, ಪಾರ್ಕಿಂಗ್ ಕಂಬ ಬಾಗಿಲು ಗೀರುತ್ತದೆ, ರಸ್ತೆಗುಂಡಿ ಬುಷ್ ತಿನ್ನುತ್ತದೆ. ಹಾಗಿರುವಾಗ ಹೆಚ್ಚು ಬೆಲೆಯದನ್ನು ತಂದು ಹಾಳುಮಾಡುವುದರಲ್ಲಿ ಅರ್ಥವಿಲ್ಲ.

2. ಹತ್ತು ಹನ್ನೆರಡು ವರ್ಷದ ಕಾರಿನ ಬೆಲೆ ಕುಸಿಯುವಷ್ಟು ಕುಸಿದಾಗಿದೆ. ಅದನ್ನು ಕೊಂಡವನು ಇನ್ನು ಕಳೆದುಕೊಳ್ಳುವುದು ಅಲ್ಪ. ಮೈಲೇಜು ಚೆನ್ನಾಗಿದ್ದರೆ ಅದಕ್ಕಿಂತ ಅಗ್ಗದ ಸವಾರಿ ಇನ್ನೊಂದಿಲ್ಲ.

3. ಸಮಯ, ಹಣ, ಗಮನ ಮೂರೂ ಮಿತವಾಗಿವೆ. ಅವು ಪ್ರೀತಿಯ ಕಾರಿಗೆ ಸಲ್ಲಬೇಕು. ಇನ್ನೊಂದು ಕೆಟ್ಟಾಗ ನೋಡಿಕೊಂಡರಾಯಿತು.

ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಮೂರರಲ್ಲೂ ಸತ್ಯವಿದೆ. ಗೀರು ಬೀಳುವುದು ನಿಜ. ಹಳೆಯ ಕಾರಿನಲ್ಲಿ ಬೆಲೆ ಕುಸಿತದ ನಷ್ಟ ಕಡಿಮೆಯೆಂಬುದು ಅಂಕಗಣಿತ. ಭಾನುವಾರಗಳು ವರ್ಷಕ್ಕೆ ಐವತ್ತೆರಡೇ ಎಂಬುದೂ ಹಾಗೆಯೇ. ತೊಡಕು ಇರುವುದು ಇವನ್ನು ಒಟ್ಟಿಗೆ ಇಟ್ಟಾಗ. ಎರಡನೆಯ ಮಾತು ಹಳೆಯ ಕಾರನ್ನು ಕೊಳ್ಳಲು ಹೇಳುತ್ತದೆ. ಮೂರನೆಯದು ಅದನ್ನು ನೋಡಿಕೊಳ್ಳಬೇಡ ಎನ್ನುತ್ತದೆ. ಆದರೆ ಹಳೆಯ ಕಾರು ಅಗ್ಗವಾಗುವುದು ಯಾರಾದರೂ ಅದರ ಮೇಲೆ ಕಣ್ಣಿಟ್ಟಿದ್ದರೆ ಮಾತ್ರ, ಅಲಕ್ಷ್ಯವನ್ನು ತಾಳಿಕೊಳ್ಳುವ ಶಕ್ತಿ ಇರುವುದು ಹೊಸ ಕಾರಿಗೆ ಮಾತ್ರ. ಹೊಸದನ್ನು ಕೊಂಡವನು ವರ್ಷಕ್ಕೊಮ್ಮೆ ಸರ್ವೀಸಿಗೆ ಬಿಟ್ಟು ಮರೆಯಬಹುದು. ಆ ಮರೆವಿಗೆ ಅವನು ಬೆಲೆ ಕುಸಿತದ ರೂಪದಲ್ಲಿ ದುಡ್ಡು ತೆತ್ತಿದ್ದಾನೆ. ಹಳೆಯದನ್ನು ಕೊಂಡವನು ಆ ದುಡ್ಡು ಉಳಿಸಿದ್ದಾನೆ, ಬದಲಿಗೆ ಗಮನ ತೆರಬೇಕು. ಈ ಎರಡರಲ್ಲಿ ಯಾವುದನ್ನು ಆರಿಸಿದರೂ ತಪ್ಪಿಲ್ಲ. ಎರಡನ್ನೂ ತೆರದೆ ಪಾರಾಗುತ್ತೇನೆ ಎನ್ನುವುದು ಮಾತ್ರ ಲೆಕ್ಕಕ್ಕೆ ಕೂಡುವುದಿಲ್ಲ. ಪ್ರಚಲಿತ ನಂಬಿಕೆ ಹೇಳುತ್ತಿರುವುದು ಅದನ್ನೇ.

ಇದಕ್ಕೆ ಬೇರೊಂದು ಗೊಂದಲವೂ ಸೇರಿಕೊಂಡಿದೆ. ಪ್ರೀತಿಸದ ವಸ್ತುವನ್ನು ನೋಡಿಕೊಳ್ಳಬೇಕಾಗಿಲ್ಲ ಎಂದು ನಾವು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಮೋಟಾರನ್ನು ಯಾರೂ ಪ್ರೀತಿಸುವುದಿಲ್ಲ, ಆದರೆ ಅದು ನಿಂತ ದಿನ ಮನೆಯೇ ನಿಲ್ಲುತ್ತದೆ. ಎರಡನೇ ಕಾರಿನಿಂದ ನಾವು ಬಯಸುವುದು ಸಂತೋಷವನ್ನಲ್ಲ, ನೆನಪನ್ನಲ್ಲ, ಬೆಳಿಗ್ಗೆ ಎಂಟಕ್ಕೆ ಕೀಲಿ ತಿರುಗಿಸಿದಾಗ ಹೊರಡುತ್ತದೆಂಬ ಖಾತ್ರಿಯನ್ನು. ಈ ಖಾತ್ರಿಯ ಫಲಾನುಭವಿ ಯಾರೆಂದು ಕೇಳಿಕೊಂಡರೆ ಉತ್ತರ ಸ್ವಾರಸ್ಯಕರವಾಗಿದೆ: ಮೊದಲನೇ ಕಾರು. ದಿನದ ಗಾಡಿ ಕೈಕೊಟ್ಟ ಬೆಳಿಗ್ಗೆ ಕವರು ತೆಗೆಸಿಕೊಂಡು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ಕುದಿಯಬೇಕಾದದ್ದು ಆ ಕಾಂಟೆಸ್ಸಾವೇ. ಅರ್ಧ ಬಿಚ್ಚಿಟ್ಟ ಇಂಜಿನ್ನನ್ನು ನಿಧಾನವಾಗಿ, ಸರಿಯಾಗಿ ಕಟ್ಟುವ ಬದಲು ಆತುರದಲ್ಲಿ ಮುಚ್ಚುವಂತೆ ಮಾಡುವುದೂ ದಿನದ ಗಾಡಿಯ ಅನಿಶ್ಚಿತತೆಯೇ. ಅಂದರೆ ಎರಡನೇ ಕಾರಿಗೆ ಕೊಡುವ ಗಮನ ಮೊದಲನೆಯದರಿಂದ ಕಿತ್ತುಕೊಂಡದ್ದಲ್ಲ, ಅದರ ನಿರ್ವಹಣೆಯ ಒಂದು ಭಾಗ. ಐವತ್ತು ವರ್ಷ ದಾಟಿದ ಕಾರನ್ನು 2021ರ ಕೇಂದ್ರ ನಿಯಮಗಳಡಿ ವಿಂಟೇಜ್ ಎಂದು ನೋಂದಾಯಿಸಿದವರಿಗಂತೂ ಇದು ಕಾನೂನಿನ ಪ್ರಶ್ನೆ. ಆ ನೋಂದಣಿಯ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತೆಯೇ ಇಲ್ಲ.

ಈಗ ಹಣದ ಲೆಕ್ಕಕ್ಕೆ ಬರೋಣ. ನಮ್ಮ ದೇಶದಲ್ಲಿ ಕಾರಿನ ಚರ್ಚೆ ಮೈಲೇಜಿನಿಂದ ಶುರುವಾಗಿ ಮೈಲೇಜಿನಲ್ಲೇ ಮುಗಿಯುತ್ತದೆ. ಮನೆಗಿರುವ ಒಂದೇ ಕಾರಿನ ವಿಷಯದಲ್ಲಿ ಅದಕ್ಕೊಂದು ಅರ್ಥವಿದೆ. ಆದರೆ ಎರಡು ಕಾರು ಇಟ್ಟುಕೊಂಡವನ ದಿನದ ಗಾಡಿ ಬಹುಪಾಲು ಊರೊಳಗೇ ತಿರುಗುತ್ತದೆ. ವರ್ಷಕ್ಕೆ 6,000 ಕಿ.ಮೀ. ಎಂದು ಹಿಡಿಯೋಣ. ಲೀಟರಿಗೆ 20 ಕಿ.ಮೀ. ಕೊಡುವ ಕಾರು 300 ಲೀಟರ್ ಕುಡಿಯುತ್ತದೆ, 15 ಕೊಡುವುದು 400 ಲೀಟರ್. ಪೆಟ್ರೋಲನ್ನು ದುಂಡಾಗಿ 100 ರೂಪಾಯಿ ಎಂದಿಟ್ಟುಕೊಂಡರೆ ವ್ಯತ್ಯಾಸ ವರ್ಷಕ್ಕೆ 10,000 ರೂಪಾಯಿ. ಒಮ್ಮೆ ಕ್ಲಚ್ ಕೆಲಸ ಬಂದು ಎರಡು ಸಲ ಟೋಯಿಂಗ್ ಮಾಡಿಸಿದರೆ ಆ ಉಳಿತಾಯ ಮುಗಿದೇಹೋಗುತ್ತದೆ. ಡೀಸೆಲಿನ ಮೋಹ ಇದಕ್ಕಿಂತ ದುಬಾರಿ. 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿಯನ್ನು ಸುಟ್ಟು ತನ್ನನ್ನು ತಾನೇ ತೊಳೆದುಕೊಳ್ಳಲು ಅದಕ್ಕೆ ಹೆದ್ದಾರಿಯಲ್ಲಿ ಬಹಳ ಹೊತ್ತು ಓಡಿದಾಗ ಬರುವ ಬಿಸಿ ಬೇಕು. ಜಯನಗರದಿಂದ ಬಸವನಗುಡಿಗೆ ಹೋಗಿಬರುವ ಗಾಡಿಗೆ ಆ ಬಿಸಿ ಎಲ್ಲಿಂದ ಬರಬೇಕು? ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಮೀಟರಿನಲ್ಲಿ ದೀಪ ಹತ್ತುತ್ತದೆ, ಖಾಲಿ ಹೆದ್ದಾರಿ ಹುಡುಕಿಕೊಂಡು ಹೋಗುವ ಹೊಸ ಕೆಲಸ ಹುಟ್ಟುತ್ತದೆ. ತಿಂಗಳಿಗೆ 500 ಕಿ.ಮೀ. ಓಡಿಸುವವನಿಗೆ ಡೀಸೆಲ್ ಉಳಿತಾಯ ಕೊಡುತ್ತದೆಂಬುದು ಕಾಗದದ ಮೇಲೂ ನಿಲ್ಲದ ಮಾತು.

ಕೊಳ್ಳುವಾಗ ಓಡೋಮೀಟರ್ ನೋಡುವ ಪದ್ಧತಿಯಲ್ಲೂ ಇಂಥದೇ ಒಂದು ಕುರುಡುತನವಿದೆ. ‘ಸಿಂಗಲ್ ಓನರ್, ನಲವತ್ತು ಸಾವಿರವೂ ಓಡಿಲ್ಲ, ಡಾಕ್ಟರ್ ಗಾಡಿ’ ಎಂದ ಕೂಡಲೇ ಬೆಲೆ ಏರುತ್ತದೆ. ಮೀಟರನ್ನು ಹಿಂದಕ್ಕೆ ತಿರುಗಿಸುವ ಕೈಚಳಕದ ಮಾತು ಬಿಡಿ, ಅಂಕಿ ಪ್ರಾಮಾಣಿಕವೆಂದೇ ಇಟ್ಟುಕೊಳ್ಳೋಣ. 2024ರ ಟಾಮ್‌ಟಾಮ್ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಹೋಗಲು ಸರಾಸರಿ 34 ನಿಮಿಷ ಬೇಕಾಯಿತು. ಗಂಟೆಗೆ ಹದಿನೇಳೂವರೆ ಕಿ.ಮೀ. ವೇಗ ಎಂದಾಯಿತು. ಈ ವೇಗದಲ್ಲಿ 40,000 ಕಿ.ಮೀ. ಓಡಿದ ಕಾರಿನ ಇಂಜಿನ್ ಸುಮಾರು 2,270 ಗಂಟೆ ದುಡಿದಿದೆ. ದಾವಣಗೆರೆ–ಹುಬ್ಬಳ್ಳಿ ಹೆದ್ದಾರಿಯಲ್ಲಿ ಗಂಟೆಗೆ 60ರ ಸರಾಸರಿಯಲ್ಲಿ ಒಂದು ಲಕ್ಷ ಕಿ.ಮೀ. ಓಡಿದ ಕಾರಿನ ಇಂಜಿನ್ ದುಡಿದದ್ದು 1,670 ಗಂಟೆಯಷ್ಟೇ. ಕ್ಲಚ್, ಸ್ಟಾರ್ಟರ್, ಬ್ರೇಕ್, ಗೇರ್ ಲಿವರಿನ ಕೇಬಲ್ಲು, ರೇಡಿಯೇಟರ್ ಫ್ಯಾನು ಇವುಗಳ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು, ಯಾಕೆಂದರೆ ಹೆದ್ದಾರಿಯಲ್ಲಿ ಇವಕ್ಕೆ ಕೆಲಸವೇ ಇಲ್ಲ. ಕಡಿಮೆ ಕಿ.ಮೀ. ಎಂಬ ಒಂದೇ ಕಾರಣಕ್ಕೆ ಹೆಚ್ಚು ಬೆಲೆ ತೆತ್ತು, ಹೆಚ್ಚು ದಣಿದ ಗಾಡಿಯನ್ನು ತರುವುದು ನಮ್ಮಲ್ಲಿ ದಿನನಿತ್ಯದ ವ್ಯಾಪಾರ. ಕೇಳಬೇಕಾದದ್ದು ಸರ್ವೀಸ್ ದಾಖಲೆಯನ್ನು. ಎಷ್ಟು ಓಡಿದೆ ಎಂಬುದಕ್ಕಿಂತ ಯಾವ ತಿಂಗಳಲ್ಲಿ ಏನು ಬದಲಾಯಿಸಿದ್ದಾರೆ ಎಂಬುದು ಹೆಚ್ಚು ಹೇಳುತ್ತದೆ.

ಹಾಗಾದರೆ ಯಾವ ಕಾರು? ಇಲ್ಲಿ ಕಾರುಪ್ರೇಮಿಯ ಅಭಿರುಚಿ ಅವನಿಗೇ ಶತ್ರುವಾಗುತ್ತದೆ. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2010ರ ಕೊನೆಯಲ್ಲಿ ಹೊರಬಂದು 2020ರವರೆಗೆ ಮಾರಾಟವಾದ ಎಟಿಯಾಸ್ ಕಾರನ್ನು ನೆನಪಿಸಿಕೊಳ್ಳಿ. ಡ್ಯಾಶ್‌ಬೋರ್ಡಿನ ನಡುಮಧ್ಯೆ ಕೂತ ಮೀಟರು, ಒಣ ಒಣ ಒಳಾಂಗಣ, ಎಲ್ಲಕ್ಕಿಂತ ಮೇಲಾಗಿ ವಿಮಾನ ನಿಲ್ದಾಣದ ಸರತಿಯಲ್ಲಿ ನಿಂತ ಹಳದಿ ಬೋರ್ಡಿನ ಸಾಲು. ‘ಅದು ಟ್ಯಾಕ್ಸಿ ಕಣ್ರೀ’ ಎಂದು ತಳ್ಳಿಹಾಕಿದವರೇ ಹೆಚ್ಚು. ಆದರೆ ತಳ್ಳಿಹಾಕಲು ಕೊಟ್ಟ ಕಾರಣವೇ ಅದನ್ನು ಕೊಳ್ಳಲು ಇರುವ ಅತಿ ಬಲವಾದ ಸಾಕ್ಷ್ಯ. ಗಾಡಿ ಒಂದು ದಿನ ಗ್ಯಾರೇಜಿನಲ್ಲಿ ನಿಂತರೆ ಟ್ಯಾಕ್ಸಿಯವನಿಗೆ ಅಂದಿನ ದುಡಿಮೆ ಇಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ. ಖಾತ್ರಿಯೊಂದನ್ನೇ ಅಳತೆಗೋಲಾಗಿಟ್ಟುಕೊಂಡು, ಸ್ವಂತ ದುಡ್ಡು ಹಾಕಿ, ವರ್ಷಗಟ್ಟಲೆ ಒಂದೇ ಕಾರನ್ನು ಪರೀಕ್ಷಿಸುವವರು ಅವರಲ್ಲದೆ ಬೇರೆ ಯಾರಿದ್ದಾರೆ? ಅದೇ ಕಾರು ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ನಾಲ್ಕು ನಕ್ಷತ್ರ ಪಡೆದದ್ದನ್ನು ಆ ತಿರಸ್ಕಾರದ ನಡುವೆ ಯಾರೂ ಗಮನಿಸಲಿಲ್ಲ. ಹಳದಿ ಬೋರ್ಡಿನಿಂದ ಬಿಳಿಗೆ ಬದಲಾಯಿಸಿಕೊಂಡು ಬಂದ ದಣಿದ ಗಾಡಿ ಕೈಗೆ ಸಿಗದಂತೆ ಆರ್‌ಸಿ ಇತಿಹಾಸ ನೋಡಬೇಕು ಎಂಬ ಎಚ್ಚರಿಕೆ ಸರಿಯೇ. ಅದು ಆ ಒಂದು ಗಾಡಿಯ ಮೇಲಿನ ಸಂದೇಹವಾಯಿತೇ ಹೊರತು ಮಾದರಿಯ ಮೇಲಿನದಲ್ಲ.

ಎಟಿಯಾಸ್ ಒಂದು ಉದಾಹರಣೆ ಅಷ್ಟೇ. ಮಾರುತಿಯ ಸ್ವಿಫ್ಟ್, ಡಿಸೈರ್, ಇಗ್ನಿಸ್, ಬಲೆನೊ, ವ್ಯಾಗನಾರ್ ಕಾರುಗಳು ಬಹುಕಾಲ 1.2 ಲೀಟರಿನ ಒಂದೇ ಇಂಜಿನ್ ಕುಟುಂಬವನ್ನು ಹಂಚಿಕೊಂಡಿದ್ದರಿಂದ ಅವುಗಳ ಬಿಡಿಭಾಗ ಜೆ.ಸಿ. ರಸ್ತೆಯಲ್ಲಷ್ಟೇ ಅಲ್ಲ, ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಸಿಗುತ್ತದೆ. ಇದಕ್ಕೆ ಎದುರಾಗಿ ಉತ್ಸಾಹಿಗಳ ಎದೆ ಬಡಿತ ಹೆಚ್ಚಿಸುವ ಹೆಸರುಗಳನ್ನು ನೋಡಿ: ಭಾರತದಲ್ಲಿ ಮಾರಾಟ ನಿಲ್ಲಿಸಿದ ಫಿಯೆಟ್‌ನ ಪುಂಟೊ, 2017ರಲ್ಲಿ ಅಂಗಡಿ ಮುಚ್ಚಿದ ಶೆವ್ರೊಲೆಯ ಕ್ರೂಜ್, 2021ರಲ್ಲಿ ಇಲ್ಲಿ ಕಾರು ತಯಾರಿಕೆ ಕೈಬಿಟ್ಟ ಫೋರ್ಡಿನ ಫಿಗೊ. ಓಡಿಸಲು ಇವುಗಳಲ್ಲಿ ಸುಖವಿದೆ, ಮರುಮಾರಾಟದಲ್ಲಿ ಬೆಲೆ ಬಿದ್ದಿರುವುದರಿಂದ ಅಗ್ಗವೂ ಹೌದು. ಬಿಡಿಭಾಗಕ್ಕೆ ಶಿವಾಜಿನಗರದ ಗುಜರಿಯಲ್ಲಿ ಮೂರು ಶನಿವಾರ ಅಲೆಯುವುದು ಮೊದಲನೇ ಕಾರಿಗೆ ಹವ್ಯಾಸದ ಭಾಗ. ಅದರಲ್ಲೊಂದು ಬೇಟೆಯ ಖುಷಿಯೂ ಇದೆ. ಎರಡನೇ ಕಾರಿಗೆ ಅದೇ ಅಲೆದಾಟ ವೈಫಲ್ಯ. ಕಾರಿನ ಗುಣ ಒಂದೇ, ಅದು ಹೊತ್ತ ಪಾತ್ರ ಬೇರೆಯಾದಾಗ ಬೆಲೆಯೂ ಬೇರೆಯಾಗುತ್ತದೆ. ಗೇರ್‌ಬಾಕ್ಸಿಗೂ ಈ ಮಾತು ಅನ್ವಯಿಸುತ್ತದೆ. ಡ್ಯುಯಲ್ ಕ್ಲಚ್ಚಿನ ಚುರುಕು ಖಾಲಿ ಘಾಟಿಯಲ್ಲಿ ಹಿತ, ಆದರೆ ಒಣ ಕ್ಲಚ್ಚಿನ ಅಂಥ ಪೆಟ್ಟಿಗೆ ಬಂಪರಿಗೆ ಬಂಪರು ತಾಗುವ ಟ್ರಾಫಿಕ್ಕಿನಲ್ಲಿ ಬಿಸಿಯಾಗಿ ಸವೆಯುತ್ತದೆ. ಎಎಂಟಿ ಎಂದರೆ ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ತುಳಿಯುವ ಕೆಲಸ ಯಂತ್ರಕ್ಕೆ ವಹಿಸಿದೆ. ತೆವಳುವಾಗ ಅಲ್ಲೂ ಕ್ಲಚ್ ಉಜ್ಜುತ್ತದೆ. ಉತ್ಸಾಹಿಗಳು ಮೂಗು ಮುರಿಯುವ ಹಳೆಯ ಟಾರ್ಕ್ ಕನ್ವರ್ಟರ್ ಇಂಥ ತೆವಳಾಟಕ್ಕೆ ಹೇಳಿಮಾಡಿಸಿದ್ದು.

ಹಣಕ್ಕೆ ಹೊರತಾದ ಒಂದು ಅಂಶವನ್ನು ‘ಓಡಿದರೆ ಸಾಕು’ ಎಂಬ ಮಾತು ಪೂರ್ತಿ ಮರೆಮಾಚುತ್ತದೆ. ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲಿನಲ್ಲಿ, ಚಾಲಕನ ಏರ್‌ಬ್ಯಾಗ್ ಅದೇ ವರ್ಷ ಜುಲೈ 1ಕ್ಕೆ. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಮಾದರಿಗಳಿಗೂ ಬಂದದ್ದು 2021ರ ಕೊನೆಗೆ. ಅದಕ್ಕೂ ಹಿಂದಿನ ಅಗ್ಗದ ಆವೃತ್ತಿಗಳಲ್ಲಿ ಇವು ಇಲ್ಲದಿರುವ ಸಾಧ್ಯತೆಯೇ ಹೆಚ್ಚು. 2014ರ ಆರಂಭದಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಮೊದಲ ಬಾರಿ ಭಾರತದ ಕಾರುಗಳನ್ನು ಗೋಡೆಗೆ ಗುದ್ದಿಸಿದಾಗ ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ ಐದರ ಏರ್‌ಬ್ಯಾಗ್‌ರಹಿತ ಆವೃತ್ತಿಗಳಿಗೂ ಸಿಕ್ಕದ್ದು ಸೊನ್ನೆ ನಕ್ಷತ್ರ. ಇದಕ್ಕೊಂದು ಆಕ್ಷೇಪವಿದೆ: ಊರೊಳಗೆ ಇಪ್ಪತ್ತರ ವೇಗದಲ್ಲಿ ತೆವಳುವ ಗಾಡಿಗೆ ಏರ್‌ಬ್ಯಾಗ್ ಏಕೆ? ಆಕ್ಷೇಪ ನಿಲ್ಲುತ್ತಿತ್ತು, ಆ ಗಾಡಿ ಊರೊಳಗೇ ಇದ್ದಿದ್ದರೆ. ದಸರಾ ರಜೆ ಬಂದಾಗ ಪದ್ಮಿನಿಯಲ್ಲಿ ಐದು ಜನ, ಸೂಟ್‌ಕೇಸು, ಕೆಲಸ ಮಾಡದ ಎಸಿ ಇಟ್ಟುಕೊಂಡು ಶಿರಾಡಿ ಘಾಟಿ ಇಳಿಯುವವರು ಯಾರು? ಊರಿಗೆ ಹೊರಡುವುದು ಇದೇ ‘ಓಡಿದರೆ ಸಾಕು’ ಗಾಡಿ. ಮಕ್ಕಳು ವಾರದಲ್ಲಿ ಆರು ದಿನ ಕೂರುವುದೂ ಇದರಲ್ಲೇ. ಭಾನುವಾರದ ಕಾರಿಗೆ ಹೊಸ ಟೈರು, ದಿನದ ಕಾರಿಗೆ ಬೋಳು ಟೈರು ಹಾಕುವ ಮನೆಗಳು ಬೇಕಾದಷ್ಟಿವೆ. ಅಪಾಯ ಎಲ್ಲಿ ಹೆಚ್ಚೋ ಅಲ್ಲಿಂದ ರಕ್ಷಣೆಯನ್ನು ತೆಗೆದು ಅಪಾಯ ಕಡಿಮೆ ಇರುವಲ್ಲಿ ಇಟ್ಟಂತಾಯಿತು.

ಇಷ್ಟು ಕೇಳಿದ ಉತ್ಸಾಹಿ ಇನ್ನೊಂದು ತುದಿಗೆ ಜಿಗಿಯುವ ಅಪಾಯವೂ ಇದೆ. ಹೇಗೂ ಗಮನ ಕೊಡಬೇಕಲ್ಲ, ದಿನದ ಕಾರಿನಲ್ಲೂ ಸ್ವಲ್ಪ ಮಜಾ ಇರಲಿ ಎಂದು ಅಲಾಯ್ ಚಕ್ರ, ಅಗಲ ಟೈರು, ಗಟ್ಟಿ ಸ್ಪ್ರಿಂಗು, ಸದ್ದು ಮಾಡುವ ಸೈಲೆನ್ಸರು ಏರುತ್ತವೆ. ಆರು ತಿಂಗಳಲ್ಲಿ ಮನೆಯಲ್ಲಿ ಎರಡು ಪ್ರೀತಿಯ ಕಾರುಗಳಿರುತ್ತವೆ, ದಿನಕ್ಕಾಗುವ ಕಾರು ಒಂದೂ ಇರುವುದಿಲ್ಲ. ದಿನದ ಕಾರು ನೀರಸವಾಗಿರುವುದು ಅದರ ಅರ್ಹತೆ ಎಂದೇ ನಾನು ಭಾವಿಸುತ್ತೇನೆ. ಕಂಪನಿಯಿಂದ ಬಂದ ಗಾತ್ರದ ಟೈರಿನಲ್ಲಿ, ಕಂಪನಿ ಹೇಳಿದ ಗಾಳಿ ಒತ್ತಡದಲ್ಲಿ ಅದನ್ನು ಇರಗೊಡುವುದಕ್ಕೆ ಕಾರುಪ್ರೇಮಿಗೆ ಬೇಕಾದ ಸಂಯಮ ಸಣ್ಣದಲ್ಲ.

ನಿರ್ವಹಣೆಯಲ್ಲಿ ಕೂಡ ಎರಡು ಕಾರುಗಳು ಬೇರೆ ಬೇರೆ ಬುದ್ಧಿಯನ್ನು ಬೇಡುತ್ತವೆ. ಹಳೆಯ ಇಂಜಿನ್ನಿನ ಸದ್ದು ಕೇಳಿಯೇ ವಾಲ್ವ್ ಸಡಿಲವಾಗಿದೆ, ಬೇರಿಂಗ್ ಸವೆದಿದೆ ಎಂದು ಹೇಳುವ ಕಿವಿ ಉತ್ಸಾಹಿಗೆ ಇರುತ್ತದೆ. ಆ ವಿದ್ಯೆ ದೊಡ್ಡದು, ಆದರೆ ದಿನದ ಕಾರಿನಲ್ಲಿ ಅದು ಕೈಹಿಡಿಯುವುದಿಲ್ಲ, ಏಕೆಂದರೆ ದಿನದ ಕಾರನ್ನು ದಾರಿಯಲ್ಲಿ ನಿಲ್ಲಿಸುವ ಭಾಗಗಳು ಸದ್ದು ಮಾಡದೆ ಸಾಯುತ್ತವೆ. ಬ್ಯಾಟರಿ ನಿನ್ನೆ ಸಂಜೆಯವರೆಗೆ ಸರಿಯಾಗಿಯೇ ಇರುತ್ತದೆ. ಐದು ಹತ್ತು ನಿಮಿಷದ ಸವಾರಿಗಳಲ್ಲಿ ಅದು ಪೂರ್ತಿ ಚಾರ್ಜ್ ಆಗದೆ ಒಳಗೇ ಸೊರಗಿರುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರಿಕೊಳ್ಳುತ್ತ ಕುದಿಯುವ ಬಿಂದುವನ್ನು ಕಳೆದುಕೊಳ್ಳುತ್ತದೆ. ಅದು ಗೊತ್ತಾಗುವುದು ಭಾರ ಹೊತ್ತು ಘಾಟಿ ಇಳಿಯುವಾಗ, ಪೆಡಲು ಮೆತ್ತಗಾದಾಗ. ಟೈರಿನ ರಬ್ಬರು ಎಳೆ ಸವೆಯದೆಯೂ ಮುದಿಯಾಗುತ್ತದೆ. ಅದರ ಪಕ್ಕೆಯಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ, ಓದುವವರು ಕಡಿಮೆ. ಕೂಲೆಂಟ್ ಬದಲು ಬೋರ್‌ವೆಲ್ ನೀರು ಸುರಿದ ರೇಡಿಯೇಟರಿನೊಳಗೆ ಸುಣ್ಣ ಕಟ್ಟುವುದಕ್ಕೂ ಸದ್ದಿಲ್ಲ. ಇವೆಲ್ಲಕ್ಕೂ ಔಷಧ ಕಿವಿಯಲ್ಲ, ಕ್ಯಾಲೆಂಡರ್. ಬ್ರೇಕ್ ಎಣ್ಣೆ ಎರಡು ವರ್ಷಕ್ಕೊಮ್ಮೆ. ಬ್ಯಾಟರಿ ನಾಲ್ಕು ವರ್ಷ ತುಂಬಿದಾಗ, ಚೆನ್ನಾಗಿ ಓಡುತ್ತಿದ್ದರೂ. ಬೆಲ್ಟು, ನೀರಿನ ಹೋಸುಗಳು ಪುಸ್ತಕದಲ್ಲಿ ಹೇಳಿದ ಅವಧಿಗೆ. ಇನ್ನೂ ಕೆಲಸ ಮಾಡುತ್ತಿರುವ ಭಾಗವನ್ನು ಕಿತ್ತು ಹೊಸದು ಹಾಕುವುದು ದುಂದು ಎಂದು ತೋರಬಹುದು. ಖಾತ್ರಿ ಸಿಗುವುದು ಅದೇ ದುಂದಿನಿಂದ.

ಇಂಜಿನ್ ಆಯಿಲಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಸರ್ವೀಸ್ ಪುಸ್ತಕಗಳು ಸಾಮಾನ್ಯವಾಗಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎನ್ನುತ್ತವೆ. ದಿನದ ಕಾರು ವರ್ಷಕ್ಕೆ ಆರು ಸಾವಿರವೂ ಓಡದಿದ್ದಾಗ ‘ಇನ್ನೂ ನಾಲ್ಕು ಸಾವಿರ ಬಾಕಿ ಇದೆ’ ಎಂದು ಮುಂದೂಡುವುದು ವಾಡಿಕೆ. ಮೇಲಿನ ಗಂಟೆಯ ಲೆಕ್ಕವನ್ನೇ ಇಲ್ಲಿ ಹಚ್ಚಿ: ಬೆಂಗಳೂರಿನ ವೇಗದಲ್ಲಿ ಆರು ಸಾವಿರ ಕಿ.ಮೀ. ಎಂದರೆ 340 ಗಂಟೆ, ಹೆದ್ದಾರಿಯ ಇಪ್ಪತ್ತು ಸಾವಿರ ಕಿ.ಮೀ.ಗೆ ಸಮ. ಸಾಲದ್ದಕ್ಕೆ, ಚಿಕ್ಕ ಸವಾರಿಯಲ್ಲಿ ಆಯಿಲ್ ಸರಿಯಾಗಿ ಕಾಯುವುದೇ ಇಲ್ಲ. ಒಳಗೆ ಸೇರಿದ ನೀರಿನ ಪಸೆ, ಸುಡದ ಪೆಟ್ರೋಲು ಆವಿಯಾಗಿ ಹೋಗದೆ ಅಲ್ಲೇ ಉಳಿಯುತ್ತವೆ. ಹೆಚ್ಚಿನ ಪುಸ್ತಕಗಳ ಹಿಂಬದಿಯಲ್ಲಿ ‘ಕಠಿಣ ಬಳಕೆ’ ಎಂಬ ಇನ್ನೊಂದು ಪಟ್ಟಿ ಇರುತ್ತದೆ. ಮರುಭೂಮಿಯಲ್ಲಿ ಓಡಿಸುವವರಿಗೆಂದು ನಾವು ಪುಟ ತಿರುಗಿಸುತ್ತೇವೆ. ಚಿಕ್ಕ ಸವಾರಿ, ನಿಂತು ನಿಂತು ಸಾಗುವ ಟ್ರಾಫಿಕ್ಕು, ಧೂಳು: ಆ ಪಟ್ಟಿ ವರ್ಣಿಸುವುದು ನಮ್ಮ ರಿಂಗ್ ರಸ್ತೆಯನ್ನೇ.

ಶೇಕಡಾ 20ರ ಇಥನಾಲ್ ಬೆರೆತ ಪೆಟ್ರೋಲಿನ ಬಗ್ಗೆ ಈಗ ಎಲ್ಲೆಡೆ ಆತಂಕವಿದೆ. ಇಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆಯಾದ್ದರಿಂದ ಮೈಲೇಜು ಸ್ವಲ್ಪ ಇಳಿಯುವುದು ಸಹಜ; ಹಳೆಯ ಕಾರುಗಳ ಇಂಧನ ಹೋಸು, ಸೀಲುಗಳನ್ನು ವರ್ಷಕ್ಕೊಮ್ಮೆ ನೋಡಿಸುವುದು ವಿವೇಕ. ಆದರೆ ಇಥನಾಲಿನ ದೊಡ್ಡ ತೊಂದರೆ, ತೇವ ಹೀರಿಕೊಳ್ಳುವುದು, ತಿಂಗಳುಗಟ್ಟಲೆ ನಿಂತ ಟ್ಯಾಂಕಿನದು. ಆಗಾಗ ಟ್ಯಾಂಕ್ ಖಾಲಿ ಮಾಡುವ ದಿನದ ಕಾರಿಗಿಂತ ಕವರಿನಡಿ ಮಲಗಿದ ಕಾರಿಗೆ ಆ ಚಿಂತೆ ಸಲ್ಲಬೇಕು.

ಪ್ರಚಲಿತ ನಂಬಿಕೆ ಸರಿಯಾಗಿರುವ ಕಡೆಯನ್ನೂ ಒಪ್ಪಿಬಿಡಬೇಕು. ಬಣ್ಣ, ಗೀರು, ಡೆಂಟುಗಳ ವಿಷಯದಲ್ಲಿ ಅದರ ಉದಾಸೀನ ಪೂರ್ತಿ ಸಮರ್ಥನೀಯ. ಪ್ರತಿ ಗೀರಿಗೂ ವಿಮೆ ಕ್ಲೇಮ್ ಮಾಡಿದರೆ, ಐದು ವರ್ಷ ಕ್ಲೇಮ್ ಇಲ್ಲದೆ ಗಳಿಸಿದ ಶೇಕಡಾ 50ರ ನೋ ಕ್ಲೇಮ್ ಬೋನಸ್ ಒಂದೇ ಏಟಿಗೆ ಹೋಗುತ್ತದೆ; ಟಿಂಕರಿಂಗ್ ಅಂಗಡಿಗೆ ಕೊಡುವ ದುಡ್ಡು ಅದಕ್ಕಿಂತ ಕಡಿಮೆ, ಏನೂ ಮಾಡಿಸದಿದ್ದರೆ ಇನ್ನೂ ಕಡಿಮೆ. ಬೆಲೆ ಬಿದ್ದ ಹಳೆಯ ಕಾರಿಗೆ ಸಮಗ್ರ ವಿಮೆ ಕೈಬಿಟ್ಟು ಮೂರನೇ ವ್ಯಕ್ತಿ ವಿಮೆಯೊಂದನ್ನೇ ಇಟ್ಟುಕೊಳ್ಳುವುದೂ ಲೆಕ್ಕಕ್ಕೆ ಕೂಡುತ್ತದೆ. ಹೊಸದನ್ನು ಬಿಟ್ಟು ಹಳೆಯದನ್ನು ಕೊಳ್ಳುವುದಕ್ಕೆ ಕರ್ನಾಟಕದಲ್ಲಿ ವಿಶೇಷ ಕಾರಣವೂ ಇದೆ: ಎಂಟು ಲಕ್ಷದ ಹೊಸ ಕಾರಿಗೆ ಶೇಕಡಾ 14ರ ದರದಲ್ಲಿ 1.12 ಲಕ್ಷ ಜೀವಿತಾವಧಿ ತೆರಿಗೆ, ಸೆಸ್ ಬೇರೆ. ಹಳೆಯ ಕೆಎ ನೋಂದಣಿಯ ಕಾರಿನಲ್ಲಿ ಅದನ್ನು ಮೊದಲ ಮಾಲೀಕ ಕಟ್ಟಿಯಾಗಿದೆ. ದೆಹಲಿಯ ಅಗ್ಗದ ಕಾರು ತಂದು ಜಾಣರಾಗಲು ಹೊರಟವರು ಇಲ್ಲಿ ಮತ್ತೆ ತೆರಿಗೆ ಕಟ್ಟುವಾಗ ಎಚ್ಚೆತ್ತುಕೊಳ್ಳುತ್ತಾರೆ. ಸೆಪ್ಟೆಂಬರ್ 2025ರಲ್ಲಿ ಸಣ್ಣ ಕಾರುಗಳ ಜಿಎಸ್‌ಟಿ ಶೇಕಡಾ 18ಕ್ಕೆ ಇಳಿದ ಮೇಲೆ ಹೊಸದಕ್ಕೂ ಹಳೆಯದಕ್ಕೂ ಇದ್ದ ಅಂತರ ಕಿರಿದಾಗಿದೆ. ನನ್ನ ಅಂದಾಜಿನಲ್ಲಿ ಈಗ ಹದವಾದ ಆಯ್ಕೆ ಹತ್ತು ಹನ್ನೆರಡು ವರ್ಷದ್ದಲ್ಲ, ಐದಾರು ವರ್ಷದ ಪೆಟ್ರೋಲ್ ಕಾರು. ಎಬಿಎಸ್, ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದ ನಂತರದ್ದು, ಬೆಲೆಯ ದೊಡ್ಡ ಕುಸಿತವನ್ನು ಬೇರೆಯವರ ಕೈಯಲ್ಲಿ ಮುಗಿಸಿಕೊಂಡದ್ದು.

ಎರಡನೇ ಕಾರು ಬೇಕೇ ಬೇಕೇ ಎಂಬುದು ಎಲ್ಲಕ್ಕಿಂತ ಮೂಲಭೂತ ಆಕ್ಷೇಪ, ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗಿನ ನೇರಳೆ ಮಾರ್ಗದ ಹತ್ತಿರ ಮನೆ, ಅದೇ ಮಾರ್ಗದ ಮೇಲೆ ಕಚೇರಿ ಇದ್ದವನಿಗೆ ಮೆಟ್ರೋ ಮತ್ತು ಅಪರೂಪಕ್ಕೊಂದು ಆಟೋ ಯಾವ ಕಾರಿಗಿಂತಲೂ ಖಾತ್ರಿ, ಅಗ್ಗ. ಅಂಥವರು ಕಾಂಟೆಸ್ಸಾ ಒಂದನ್ನೇ ಇಟ್ಟುಕೊಳ್ಳುವುದು ಲೇಸು. ವಯಸ್ಸಾದ ತಾಯಿತಂದೆ, ಶಾಲೆಯ ಮಕ್ಕಳು, ಮೆಟ್ರೋ ತಲುಪದ ಬಡಾವಣೆ ಇವು ಸೇರಿದಾಗ ಲೆಕ್ಕ ಬದಲಾಗುತ್ತದೆ.

ವಿದ್ಯುತ್ ಕಾರಿನ ವಾದ ಇದಕ್ಕಿಂತ ಗಟ್ಟಿ. ಊರೊಳಗಿನ ಎರಡನೇ ಕಾರಾಗಲೆಂದೇ ಹುಟ್ಟಿದ ರೇವಾ 2001ರಲ್ಲಿ ಬೆಂಗಳೂರಿನಲ್ಲೇ ರಸ್ತೆಗಿಳಿಯಿತು. ಕಲ್ಪನೆ ಸರಿಯಾಗಿತ್ತು, ಸೀಸದ ಬ್ಯಾಟರಿಯ ಭಾರ, ಕಡಿಮೆ ದೂರ, ಇಕ್ಕಟ್ಟು ಅದನ್ನು ಕಟ್ಟಿಹಾಕಿದವು. ಇಂದಿನ ಟಿಯಾಗೊ ಇವಿ, ಕಾಮೆಟ್‌ಗಳಿಗೆ ಆ ಮಿತಿ ಅಷ್ಟಾಗಿ ಇಲ್ಲ. ತೆವಳುವ ಟ್ರಾಫಿಕ್ಕು, ಚಿಕ್ಕ ಸವಾರಿ, ಆಯಿಲು, ಕ್ಲಚ್ಚು ಎಂದು ಮೇಲೆ ಪಟ್ಟಿಮಾಡಿದ ಶತ್ರುಗಳಲ್ಲಿ ಹೆಚ್ಚಿನವು ವಿದ್ಯುತ್ ಕಾರಿಗೆ ಶತ್ರುಗಳೇ ಅಲ್ಲ. ದೂರದ ಪ್ರಯಾಣಕ್ಕೆ ಮನೆಯಲ್ಲಿ ಇನ್ನೊಂದು ಕಾರು ಇದೆಯೆಂದಾದರೆ ಅದರ ದೊಡ್ಡ ಕೊರತೆಯೂ ನೀಗಿತು. ಸ್ವಂತ ಪಾರ್ಕಿಂಗು, ಅಲ್ಲೊಂದು ಪ್ಲಗ್ಗು ಇದ್ದವರು ಪೆಟ್ರೋಲ್ ಕಾರು ನೋಡುವ ಮೊದಲು ಇದನ್ನೇ ನೋಡಬೇಕು. ಬೀದಿಯಲ್ಲಿ ಗಾಡಿ ನಿಲ್ಲಿಸುವವರಿಗೂ, ಚಾರ್ಜಿಂಗಿಗೆ ಅನುಮತಿ ಕೊಡದ ಅಪಾರ್ಟ್‌ಮೆಂಟ್ ಸಂಘದೊಡನೆ ಗುದ್ದಾಡುವವರಿಗೂ ಈ ಮಾತು ಸದ್ಯಕ್ಕೆ ಅನ್ವಯಿಸದು. ಪ್ರೀತಿಯ ಕಾರು ಘಾಟಿಗೆ ಕುಟುಂಬ ಸಮೇತ ಒಯ್ಯಲಾಗದಷ್ಟು ಮುದಿಯಾದದ್ದಾದರೂ ಲೆಕ್ಕ ಮತ್ತೆ ಪೆಟ್ರೋಲಿನ ಕಡೆಗೇ ವಾಲುತ್ತದೆ.

ಕೊನೆಗೆ, ಬಿಟ್ಟುಕೊಡುವುದು ಯಾವಾಗ? ‘ಗಾಡಿಯ ಬೆಲೆಗಿಂತ ರಿಪೇರಿ ಜಾಸ್ತಿಯಾಯಿತು, ಮಾರಿಬಿಡು’ ಎಂಬುದು ಎಲ್ಲರ ಬಾಯಲ್ಲಿರುವ ಸೂತ್ರ. ಒಂದೂವರೆ ಲಕ್ಷದ ಕಾರಿಗೆ ಅರವತ್ತು ಸಾವಿರದ ಕೆಲಸ ಬಂದರೂ ಜನ ಹೌಹಾರುತ್ತಾರೆ. ಹೋಲಿಸಬೇಕಾದದ್ದು ಕಾರಿನ ಮಾರುಕಟ್ಟೆ ಬೆಲೆಯೊಂದಿಗಲ್ಲ, ಅದರ ಜಾಗಕ್ಕೆ ಬರುವ ಕಾರಿನ ಖರ್ಚಿನೊಂದಿಗೆ. ಅರವತ್ತು ಸಾವಿರ ಸುರಿದ ಮೇಲೆ ಮೂರು ವರ್ಷದ ಖಾತ್ರಿ ಸಿಗುವುದಾದರೆ ಅದು ವರ್ಷಕ್ಕೆ ಇಪ್ಪತ್ತು ಸಾವಿರ. ಯಾವ ಹೊಸ ಕಾರಿನ ಬೆಲೆ ಕುಸಿತವೂ ಅದಕ್ಕಿಂತ ಹೆಚ್ಚೇ. ಹದಿನೈದು ವರ್ಷ ತುಂಬಿದಾಗ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲಿನಿಂದ 600ರ ಬದಲು 5,000 ರೂಪಾಯಿ ಆದದ್ದೂ ಮಾರುವುದಕ್ಕೆ ತಕ್ಕ ಕಾರಣವಲ್ಲ, ನವೀಕರಣ ಐದು ವರ್ಷಕ್ಕೆ ಸಿಗುತ್ತದೆ. ಮಾರಲೇಬೇಕಾದ ಸಂದರ್ಭಗಳು ಬೇರೆ: ಕರಾವಳಿಯ ಉಪ್ಪುಗಾಳಿಗೆ ಛಾಸಿ ತುಕ್ಕು ಹಿಡಿದು ಜ್ಯಾಕ್ ಇಡುವ ಜಾಗವೇ ಕುಸಿಯತೊಡಗಿದಾಗ, ಒಂದನ್ನು ಸರಿಮಾಡಿಸಿದ ತಿಂಗಳಲ್ಲೇ ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ಕೈಕೊಡುತ್ತ, ಯಾವ ದಿನ ನಿಲ್ಲುತ್ತದೋ ಎಂದು ಮನೆಯವರು ಅದನ್ನು ಬಿಟ್ಟು ಆಟೋ ಹಿಡಿಯತೊಡಗಿದಾಗ, ಅಥವಾ ಎಷ್ಟೇ ದುಡ್ಡು ಸುರಿದರೂ ಹಾಕಿಸಲಾಗದ ಏರ್‌ಬ್ಯಾಗ್ ಅದರಲ್ಲಿ ಇಲ್ಲದಿದ್ದು, ಹಿಂದಿನ ಸೀಟಿನಲ್ಲಿದ್ದ ಮಗು ಮುಂದಿನ ಸೀಟಿಗೆ ಬರುವಷ್ಟು ಬೆಳೆದಾಗ.